ಬ್ಲೆಂಡರಿನಲ್ಲಿ ಚೆಂಡೆವಾದಕರ ಆಕೃತಿ: ನಿಲುವು ಸಹಜವಾಗಿ ಕಾಣಲು ಏನು ಮಾಡಬೇಕು?

ಕುಂಬಳೆಯ ಮಾಸ್ಟ್ರು:

ಬಲ್ಲವರಿಗೆ ನಮಸ್ಕಾರ. ನಮ್ಮೂರಿನ ವಾಚನಾಲಯದವರು ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನು ಮಕ್ಕಳಿಗೆ ಪರಿಚಯಿಸುವ ಭಿತ್ತಿಪತ್ರವೊಂದನ್ನು ತರಲಿದ್ದು, ಅದಕ್ಕೆ ಬೇಕಾದ ಚೆಂಡೆವಾದಕರ ಆಕೃತಿಯನ್ನು ನಾನು ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಣದ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮುಖ, ಮೈಕಟ್ಟು, ಪಂಚೆ, ಮುಂಡಾಸು ಒಪ್ಪುವಂತೆ ಬಂದಿವೆ. ಆಕೃತಿಯನ್ನು ಆಡಿಸುವ ಎಲುಬುಗಳ ಜೋಡಣೆಗೆ ಬ್ಲೆಂಡರಿನದೇ ಸಲಕರಣೆಯಾದ ರಿಗಿಫೈ ಬಳಸಿದ್ದೇನೆ. ಛಾಯಾಚಿತ್ರಗಳನ್ನು ನೋಡಿ ಒಂದೊಂದು ಕೀಲಿನ ಕೋನವನ್ನೂ ಹೊಂದಿಸಿದ ಮೇಲೂ ಆಕೃತಿಯು ಜವಳಿ ಅಂಗಡಿಯ ಗೊಂಬೆಗೆ ಚೆಂಡೆ ತೂಗುಹಾಕಿದಂತೆ ಕಾಣುತ್ತದೆ. ಇದಲ್ಲದೆ ಎತ್ತಿದ ಬಲಗೈಯ ಮಣಿಕಟ್ಟು ಹಿಂಡಿದಂತೆ ಸಪೂರವಾಗುತ್ತಿದೆ. ಎಲ್ಲಿಂದ ತಿದ್ದಲು ತೊಡಗಬೇಕೆಂದು ದಯವಿಟ್ಟು ತಿಳಿಸಿ.

ಪೆರ್ಲದ ಚಿತ್ರಕಾರ:

ಮಾಸ್ಟ್ರೇ, ಕೈಗಳನ್ನು ಸದ್ಯಕ್ಕೆ ಮರೆತುಬಿಡಿ, ಸೊಂಟದಿಂದ ತೊಡಗಿ. ಕಂಪ್ಯೂಟರಿನ ಆಕೃತಿಗೆ ತೂಕವೆಂಬುದಿಲ್ಲ. ತೂಕ ಯಾವ ಕಾಲಿನ ಮೇಲಿದೆ ಎಂದು ನಾವು ತೀರ್ಮಾನಿಸದಿದ್ದರೆ ಅದು ಎರಡೂ ಕಾಲುಗಳ ಮೇಲೆ ಸರಿಸಮನಾಗಿ ನಿಂತೇ ಇರುತ್ತದೆ. ನಮ್ಮ ಶಿಲ್ಪಿಗಳು ಸಮಭಂಗ (ನೆಟ್ಟಗೆ ನಿಂತದ್ದು), ಆಭಂಗ (ತುಸು ಬಾಗಿದ್ದು), ತ್ರಿಭಂಗ (ಮೂರು ಕಡೆ ಬಾಗಿದ್ದು) ಎಂದು ನಿಲುವುಗಳನ್ನು ವಿಂಗಡಿಸಿದ್ದು ಈ ತೂಕದ ಹಂಚಿಕೆಯನ್ನು ನೋಡಿಯೇ. ದೇವಾಲಯದ ಮೂರ್ತಿಗೆ ಸಮಭಂಗ ಒಪ್ಪುತ್ತದೆ, ಆದರೆ ರಾತ್ರಿಯಿಡೀ ನಿಂತು ಬಾರಿಸುವ ಮನುಷ್ಯನಿಗೆ ಒಪ್ಪುವುದಿಲ್ಲ.

ಚೆಂಡೆಯ ಪಟ್ಟಿ ಎಡ ಹೆಗಲಿನ ಮೇಲಿದೆ ಎಂದಿಟ್ಟುಕೊಳ್ಳೋಣ. ಭಾರ ಎಡಕ್ಕೂ ಮುಂದಕ್ಕೂ ಎಳೆಯುವುದರಿಂದ ಮೈ ತುಸು ಬಲಕ್ಕೆ ಮತ್ತು ಹಿಂದಕ್ಕೆ ವಾಲಿ ಅದನ್ನು ಸರಿದೂಗಿಸುತ್ತದೆ. ಹಾಗಾಗಿ ಬಲಗಾಲನ್ನು ಆಧಾರದ ಕಾಲಾಗಿ ಮಾಡಿ. ಆಗ ಸೊಂಟದ ಬಲಬದಿ ಮೇಲೇರುತ್ತದೆ, ಬಲಭುಜ ಕೆಳಗಿಳಿಯುತ್ತದೆ, ಎಡಗಾಲಿನ ಮಂಡಿ ಸಡಿಲವಾಗಿ ಮುಂದೆ ಬಾಗುತ್ತದೆ. ಪಟ್ಟಿ ಜಾರದಂತೆ ಎಡ ಹೆಗಲು ಹೇಗೂ ಸ್ವಲ್ಪ ಎತ್ತಿಕೊಂಡಿರುತ್ತದೆಯಾದ್ದರಿಂದ ಎರಡೂ ಕಾರಣಗಳು ಒಂದೇ ನಿಲುವಿಗೆ ಬಂದು ಸೇರುತ್ತವೆ. ಇದು ಚೆಂಡೆವಾದಕರ ಚಿತ್ರ ಬಿಡಿಸುವವರಿಗೆ ಒದಗಿದ ದೊಡ್ಡ ಅನುಕೂಲ ಎಂದು ನನ್ನ ಭಾವನೆ.

ರಿಗಿಫೈಯಲ್ಲಿ ಇಡೀ ಮುಂಡವನ್ನು ಸರಿಸುವ ಹಿಡಿಕೆಯಿಂದ ಮೈಯನ್ನು ಬಲಗಾಲಿನ ಮೇಲಕ್ಕೆ ತನ್ನಿ. ಕಾಲುಗಳು ಐಕೆಯಲ್ಲಿದ್ದರೆ, ಅಂದರೆ ಪಾದವನ್ನು ಇಟ್ಟ ಜಾಗಕ್ಕೆ ತಕ್ಕಂತೆ ಮಂಡಿ, ತೊಡೆ ತಾವಾಗಿ ಹೊಂದಿಕೊಳ್ಳುವ ಕ್ರಮದಲ್ಲಿದ್ದರೆ, ಪಾದಗಳು ನೆಲ ಬಿಟ್ಟು ಕದಲುವುದಿಲ್ಲ. ಅನಂತರ ಸೊಂಟವನ್ನೂ ಎದೆಯನ್ನೂ ಬೇರೆ ಬೇರೆ ಹಿಡಿಕೆಗಳಿಂದ ವಿರುದ್ಧ ದಿಕ್ಕಿಗೆ ಓರೆ ಮಾಡಿ. ಚೆಂಡೆಯನ್ನೂ ಸೇರಿಸಿಕೊಂಡ ಒಟ್ಟು ಭಾರದ ಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಎರಡು ಪಾದಗಳ ನಡುವಿನ ಜಾಗದೊಳಗೆ, ಬಲಪಾದಕ್ಕೆ ಹತ್ತಿರವಾಗಿ ಬೀಳಬೇಕು.

ಬದಿಯಡ್ಕದಿಂದ ಒಬ್ಬರು:

ಮೇಲಿನವರು ಹೇಳಿದ್ದನ್ನು ಮುಗಿಸಿದ ಮೇಲೆ ಕೈಗೆ ಬನ್ನಿ. ಅಂಗೈಯನ್ನು ಮೇಲೆ ಕೆಳಗೆ ಮಗುಚುವಾಗ ನಿಜವಾಗಿ ತಿರುಚುವುದು ಮಣಿಕಟ್ಟಲ್ಲ, ಮುಂಗೈಯ ಎರಡು ಎಲುಬುಗಳು. ನೀವು ಹಸ್ತದ ಎಲುಬನ್ನು ಮಾತ್ರ ತಿರುಗಿಸಿರುವುದರಿಂದ ಮಣಿಕಟ್ಟು ಹಿಂಡಿದಂತಾಗಿದೆ. ತಿರುವನ್ನು ಮುಂಗೈಯುದ್ದಕ್ಕೂ ಹಂಚಬೇಕು. ಹಾಗೆ ಮಾಡಿಯೂ ಹಿಂಡಿದಂತೆ ಕಂಡರೆ ಆ ಭಾಗದ ವೆಯ್ಟ್ ಪೇಂಟನ್ನು, ಅಂದರೆ ಯಾವ ಎಲುಬು ಮೈಯ ಯಾವ ಭಾಗವನ್ನು ಎಷ್ಟು ಎಳೆಯುತ್ತದೆ ಎಂಬ ಗುರುತನ್ನು, ಪರೀಕ್ಷಿಸಿ. ಮೊಣಕೈ ಬಾಗಿಲಿನ ತಿರುಗಣಿಯಂತೆ ಒಂದೇ ದಿಕ್ಕಿಗೆ ಮಡಚುವ ಕೀಲಾದ್ದರಿಂದ ಅಲ್ಲಿ ತಿರುಚುವುದು ಬೇಡ.

ಎತ್ತಿದ ತೋಳನ್ನು ಇನ್ನೊಮ್ಮೆ ನೋಡಿ. ತೋಳನ್ನು ತಲೆಯ ಮೇಲಕ್ಕೆ 180 ಡಿಗ್ರಿ ಎತ್ತಿದರೆ ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಭುಜದ ಕೀಲಿನದು. ಉಳಿದ ಸುಮಾರು 60 ಡಿಗ್ರಿಯು ಬೆನ್ನ ಮೇಲೆ ಹೆಗಲಿನ ಹಲಗೆಯೆಲುಬು ತಿರುಗುವುದರಿಂದ ಬರುತ್ತದೆ. ಆದ್ದರಿಂದ ಭುಜದ ಎಲುಬನ್ನು ಕೂಡ ಸ್ವಲ್ಪ ಮೇಲೆತ್ತದೆ ತೋಳನ್ನಷ್ಟೇ ಎತ್ತಬಾರದು.

ಕುಂಬಳೆಯ ಮಾಸ್ಟ್ರು:

ಇಬ್ಬರಿಗೂ ಕೃತಜ್ಞತೆಗಳು. ಸೊಂಟ ಓರೆಯಾದ ಕೂಡಲೇ ಆಕೃತಿಗೆ ಉಸಿರು ಬಂದಂತಾಯಿತು. ಆದರೆ ಮೈಯನ್ನು ಸರಿಸಿದಾಗಲೆಲ್ಲ ಎಡಗೈಯ ಕೋಲು ಚೆಂಡೆಯ ಚರ್ಮದಿಂದ ದೂರ ಹೋಗುತ್ತಿದೆ. ಕೈಗಳನ್ನು ಐಕೆಯಲ್ಲಿ ಇಡಬೇಕೇ, ಒಂದೊಂದು ಕೀಲನ್ನೂ ನಾವೇ ತಿರುಗಿಸುವ ಎಫ್‌ಕೆಯಲ್ಲಿಯೇ?

ಪೆರ್ಲದ ಚಿತ್ರಕಾರ:

ಎರಡನ್ನೂ ಬಳಸಿ. ಚರ್ಮವನ್ನು ಮುಟ್ಟಿರುವ ಎಡಗೈಯನ್ನು ಐಕೆಯಲ್ಲಿಟ್ಟು ಅದರ ಹಿಡಿಕೆಯನ್ನು ಚೆಂಡೆಗೆ ಜೋಡಿಸಿದರೆ ಚೆಂಡೆ ಹೋದಲ್ಲಿಗೆ ಕೈಯೂ ಹೋಗುತ್ತದೆ. ಎತ್ತಿದ ಬಲಗೈ ಏನನ್ನೂ ಮುಟ್ಟಿಲ್ಲವಾದ್ದರಿಂದ ಅದನ್ನು ಎಫ್‌ಕೆಯಲ್ಲಿಟ್ಟು ಭುಜದಿಂದ ಬೆರಳಿನವರೆಗೆ ಕ್ರಮವಾಗಿ ತಿರುಗಿಸುತ್ತ ಬನ್ನಿ. ಬೆರಳುಗಳೆಲ್ಲವನ್ನೂ ಸಮನಾಗಿ ಮಡಚಬೇಡಿ. ಕೋಲನ್ನು ಹಿಡಿದ ಹೆಬ್ಬೆರಳು ಮತ್ತು ತೋರುಬೆರಳು ಬಿಗಿಯಾಗಿರಲಿ, ಉಳಿದವು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿರಲಿ. ಕತ್ತನ್ನು ಕೊನೆಗೆ ತಿರುಗಿಸಿ, ಕಣ್ಣು ಮಾತ್ರ ವೇಷಧಾರಿಯ ಹೆಜ್ಜೆಯ ಕಡೆಗಿರಲಿ. ನಿಮ್ಮ ಭಿತ್ತಿಪತ್ರದಲ್ಲಿ ವೇಷಧಾರಿ ಯಾವ ಬದಿಗೆ ಬರುತ್ತಾರೆ ಎಂಬುದನ್ನು ಈಗಲೇ ನಿಶ್ಚಯಿಸಿಕೊಂಡು ಕ್ಯಾಮೆರಾವನ್ನು ಅಲ್ಲೇ ನಿಲ್ಲಿಸಿಬಿಡಿ, ಏಕೆಂದರೆ ಎತ್ತಿದ ಕೈ ಮುಂಡಾಸಿನ ಹಿಂದೆ ಮರೆಯಾದರೆ ತೋಳನ್ನು ಮತ್ತೊಮ್ಮೆ ಹೊಂದಿಸಬೇಕಾಗುತ್ತದೆ.