ಒಂದು ಸೆಲ್ ಮಾತ್ರ 1.150, ಬ್ಯಾಟರಿ ಹೋಯ್ತಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಮಳೆಗಾಲದಲ್ಲಿ ಯುಪಿಎಸ್ಸೇ ಗತಿ. ನಾಲ್ಕು ವರ್ಷದ 150 ಎಎಚ್ ಟ್ಯೂಬುಲರ್ ಬ್ಯಾಟರಿ ಈಗ ಅರ್ಧ ಗಂಟೆಯೂ ಬರುತ್ತಿಲ್ಲ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದೆ. ಐದು ಸೆಲ್ 1.230, ಮೂರನೆಯದು 1.150. ಅಮ್ಮನಿಗೆ ರಾತ್ರಿ ನೆಬ್ಯುಲೈಸರ್ ಬೇಕು, ಅದಕ್ಕೇ ಗಾಬರಿ.

ಉತ್ತರ: ನೀರು ಹಾಕಿದ ತಕ್ಷಣ ಅಳೆದಿರಾ? ಹಾಗಿದ್ರೆ ಆ ಅಂಕಿ ನಂಬಬೇಡಿ. ಹೊಸ ನೀರು ಮೇಲೇ ನಿಂತಿರುತ್ತದೆ. ಪೂರ್ತಿ ಚಾರ್ಜ್ ಮಾಡಿ, ಮೂರ್ನಾಲ್ಕು ಗಂಟೆ ಬಿಟ್ಟು ನೋಡಿ. ವೋಲ್ಟೇಜ್ 12.6ರ ಮೇಲಿರಬೇಕು.

ಕೇಳಿದವರು: ಹೌದು, ಡಿಸ್ಟಿಲ್ಡ್ ವಾಟರ್ ಹಾಕಿ ಆಗಲೇ ಅಳೆದಿದ್ದೆ! ಇವತ್ತು ನೀವು ಹೇಳಿದಂತೆ ನೋಡಿದೆ. ಮೂರನೇ ಸೆಲ್ 1.160 ಅಷ್ಟೇ.

ಇನ್ನೊಬ್ಬರು: ಆ ಸೆಲ್ ಸೋತಿದೆ. ಆಸಿಡ್ ಮಾತ್ರ ಸುರಿಯಬೇಡಿ. ಅಂಕಿ ಏರುತ್ತದೆ, ಪ್ಲೇಟ್ ಸರಿಹೋಗಲ್ಲ. ಅಮ್ಮನ ವಿಷಯ ಅಲ್ವಾ, ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದು ತನ್ನಿ. ಸೀಸಕ್ಕೆ ಬೆಲೆ ಸಿಗುತ್ತದೆ.