ಸಿ ಅವಳದು, ಉಳಿದಿದ್ದೆಲ್ಲ ನನ್ನದು

"ಎಡಗೈ ಯಾಕೆ ಹಾಗೆ ಉಫ್ ಉಫ್ ಅಂತ ಊದಿಕೊಳ್ತಿದ್ದೀಯಾ?" ಎಂದ ಸರ್ವಜ್ಞ. ಅವನ ನಿಜವಾದ ಹೆಸರು ಬೇರೆ. ಎಲ್ಲವೂ ಗೊತ್ತಿರುವವನಿಗೆ ನಾವು ಕೊಟ್ಟ ಬಿರುದು ಅದು.

"ಯುಕುಲೇಲಿ ಕಲೀತಿದ್ದೀನಿ, ಆ ನಾಲ್ಕು ತಂತಿಯ ಪುಟ್ಟ ವಾದ್ಯ. ಮಗಳ ಜೊತೆ."

ಸರ್ವಜ್ಞನೂ ಗಿಟಾರಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಗಿಟಾರಮ್ಮ ಎಂಬುದೂ ನಾವಿಟ್ಟ ಹೆಸರೇ. ಆದರೆ ಅವಳಿಗೆ ನಿಜವಾಗಿಯೂ ಗಿಟಾರ್ ಬರುತ್ತದೆ.

"ಮಗಳಿಗೆ ಎಷ್ಟು ವಯಸ್ಸು?"

"ಆರು."

"ಇಬ್ಬರಲ್ಲಿ ಯಾರು ಮುಂದಿದ್ದೀರಿ?"

ನಾನು ಮತ್ತೆ ಬೆರಳು ಊದಿಕೊಂಡೆ.

ಸರ್ವಜ್ಞ ಶುರು ಮಾಡಿದ. "ಹೆಸರಿನ ಅರ್ಥ ಗೊತ್ತಾ? ಹವಾಯಿ ಭಾಷೆಯಲ್ಲಿ ಉಕು ಅಂದ್ರೆ ಚಿಗಟ, ಲೆಲೆ ಅಂದ್ರೆ ನೆಗೆಯೋದು. ನೆಗೆಯೋ ಚಿಗಟ! ನುಡಿಸೋರ ಬೆರಳು ಅಷ್ಟು ಚುರುಕಾಗಿ ಓಡ್ತಿತ್ತಂತೆ."

"ನನ್ನ ಚಿಗಟಕ್ಕೆ ಮಂಡಿನೋವು" ಎಂದೆ.

ಅವನು ನಿಲ್ಲಿಸಲಿಲ್ಲ. 1879ರಲ್ಲಿ ಪೋರ್ಚುಗಲ್‌ನ ಮದೈರಾ ದ್ವೀಪದಿಂದ ಹೊನೊಲುಲುಗೆ ಒಂದು ಹಡಗು ಬಂದಿತಂತೆ. ಕಬ್ಬಿನ ತೋಟದ ಕೆಲಸಕ್ಕೆ ಬಂದ ಜನ. ಅವರೊಳಗೆ ಮೂವರು ಮರಗೆಲಸದವರಿದ್ದರು. ತಮ್ಮೂರಿನ ಪುಟ್ಟ ಗಿಟಾರಿನಂಥ ವಾದ್ಯವನ್ನು ಅಲ್ಲಿಯೂ ಮಾಡತೊಡಗಿದರು. ಅದೇ ಯುಕುಲೇಲಿಯಾಯಿತು. ಹವಾಯಿಯ ಕಲಾಕೌವಾ ರಾಜನಿಗೂ ಬಲು ಇಷ್ಟವಾಯಿತಂತೆ. ಎಲ್ಲ ಸರಿ. ಆದರೆ ರಾಜನಿಗೆ ಇಷ್ಟವಾದ ಮಾತ್ರಕ್ಕೆ ನನಗೆ ಎಫ್ ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ಮೀಟುವ ಹಿಡಿತ, ಬರುತ್ತದೆಯೇ?

"ನಾಲ್ಕೇ ತಂತಿ ಅಲ್ವೇನೋ? ಅದರಲ್ಲೇನು ಕಷ್ಟ?" ಎಂದಳು ಗಿಟಾರಮ್ಮ.

ತಂತಿ ಎನ್ನಲು ನನಗೆ ಮನಸ್ಸೇ ಬರುವುದಿಲ್ಲ. ಅದು ನೈಲಾನ್ ದಾರ. ಹೊಸದರಲ್ಲಿ ಹಿಗ್ಗುತ್ತಲೇ ಇರುತ್ತದೆ. ಜಿ, ಸಿ, ಇ, ಎ ಎಂಬ ಸ್ವರಗಳಿಗೆ ನಾಲ್ಕನ್ನೂ ಶ್ರುತಿ ಮಾಡುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ಮೊದಲ ಕೆಲವು ದಿನ ನೆಲ ನಿಜವಾಗಿಯೂ ಡೊಂಕಾಗಿತ್ತು! ಆಮೇಲೆ ದಾರ ಹಿಗ್ಗಿ ಹಿಗ್ಗಿ ಸುಸ್ತಾಗಿ ನಿಂತಿತು. ನನ್ನ ನೆಪವೂ ಅಲ್ಲಿಗೆ ಮುಗಿಯಿತು.

"ಮತ್ತೆ ಆ ಜಿ ತಂತಿ" ಎಂದಳು ಗಿಟಾರಮ್ಮ. "ಗಿಟಾರಲ್ಲಿ ಮೇಲಿನ ತಂತಿ ದಪ್ಪ, ದನಿಯೂ ದಪ್ಪ. ಇದರಲ್ಲಿ ಮೇಲಿನದೇ ಕೀಚಲು. ಮೊದಲ ಸಲ ಹಿಡಿದಾಗ ಯಾರೋ ತಂತಿ ತಪ್ಪಾಗಿ ಕಟ್ಟಿದ್ದಾರೆ ಅಂದ್ಕೊಂಡೆ."

ಗಿಟಾರಮ್ಮನಿಗೇ ಹೀಗಾಗಿತ್ತು ಎಂದು ತಿಳಿದು ನನಗೆ ಎಷ್ಟು ಸಂತೋಷವಾಯಿತೆಂದರೆ, ನಿಜ ಹೇಳಿಬಿಟ್ಟೆ.

ನಿಜ ಏನೆಂದರೆ, ನನಗೆ ಸಿ ಕಾರ್ಡ್ ಬರುತ್ತದೆ. ಉಂಗುರದ ಬೆರಳನ್ನು ಕೆಳಗಿನ ತಂತಿಯ ಮೂರನೇ ಫ್ರೆಟ್ಟಿನಲ್ಲಿ (ವಾದ್ಯದ ಕತ್ತಿನ ಅಡ್ಡಪಟ್ಟಿಗಳ ನಡುವಿನ ಮನೆ) ಇಟ್ಟರೆ ಮುಗಿಯಿತು. ಎಫ್ ಕೂಡ ಬರುತ್ತದೆ, ಎರಡು ಬೆರಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಮಾತ್ರ ಬರುವುದಿಲ್ಲ. ಸಿ ನುಡಿಸಿ, ಹಾಡು ನಿಲ್ಲಿಸಿ, ಬಗ್ಗಿ ನೋಡಿ, ಬಲಗೈಯಿಂದ ಎಡಗೈ ಬೆರಳನ್ನು ಹಿಡಿದು ಜಾಗಕ್ಕೆ ಕೂರಿಸಿ, ಆಮೇಲೆ ಎಫ್. ಅಷ್ಟರಲ್ಲಿ ಮಗಳು ಆಟ ಮುಗಿಸಿ ವಾಪಸ್ ಬಂದಿರುತ್ತಾಳೆ.

"ಅವಳಿಗೂ ಹಾಗೇ ಆಗಬೇಕಲ್ಲ?"

"ಆಗಲ್ಲ. ಅವಳು ಸಿ ಬಿಟ್ಟು ಬೇರೇನೂ ನುಡಿಸಲ್ಲ."

ಇದು ಅವಳೇ ಮಾಡಿದ ಪಾಲು. ಎರಡನೇ ದಿನವೇ ತೀರ್ಪು ಬಂತು: "ಅಪ್ಪಾ, ಸಿ ನಂದು. ಬೇರೆ ಎಲ್ಲಾ ನಿಂದು." ಹಾಡಿನಲ್ಲಿ ಸಿ ಬಂದಾಗ ಅವಳು ಜುಯ್ ಅನ್ನಿಸುತ್ತಾಳೆ. ಎಫ್ ಬಂದಾಗ ಕೈಕಟ್ಟಿ ನನ್ನನ್ನು ನೋಡುತ್ತಾಳೆ. ಜಿ ಸೆವೆನ್ ಬಂದರೆ ಮೂರು ಬೆರಳು, ಸೊಪ್ರಾನೊದ, ಅಂದರೆ ನಮ್ಮ ಪುಟ್ಟ ಅಳತೆಯ ಯುಕುಲೇಲಿಯ, ಆ ಇಕ್ಕಟ್ಟಿನ ಫ್ರೆಟ್ಟಿನಲ್ಲಿ ಒಂದರ ಮೇಲೊಂದು ಹತ್ತುತ್ತವೆ. ಅವಳ ಭಾಗದಲ್ಲಿ ತಪ್ಪೇ ಇಲ್ಲ. ಹಾಡಿನಲ್ಲಿ ಏನು ಕೆಟ್ಟರೂ ಲೆಕ್ಕ ನನ್ನ ಹೆಸರಿಗೆ.

ಗಿಟಾರಮ್ಮ ಕಣ್ಣೊರೆಸಿಕೊಂಡಳು. "ಪುಟ್ಟಿ ಹೇಳಿದ್ದು ಸರಿಯಾಗೇ ಇದೆ ಕಣೋ. ಮಕ್ಕಳಿಗೆ ಒಂದೇ ಕಾರ್ಡ್ ಕೊಟ್ಟು ಉಳಿದಿದ್ದನ್ನ ದೊಡ್ಡೋರು ತುಂಬಿದ್ರೆ ಹಾಡು ಪೂರ್ತಿಯಾಗುತ್ತೆ, ಅವರಿಗೂ ಬೇಜಾರಾಗಲ್ಲ. ನೀನು ಬೇಕಾದ್ರೆ ಟೆನರ್ ಅನ್ನೋ ದೊಡ್ಡ ಯುಕುಲೇಲಿ ತಗೋ. ಜಾಗ ಜಾಸ್ತಿ ಇರುತ್ತೆ, ಸಾಮಾನ್ಯವಾಗಿ ಶ್ರುತಿ ಅದೇ."

"ಬ್ಯಾರಿಟೋನ್ ಇನ್ನೂ ದೊಡ್ಡದು!" ಎಂದ ಸರ್ವಜ್ಞ.

"ಅದರ ಶ್ರುತಿ ಬೇರೆ. ಅಪ್ಪ ಮಗಳ ಮಧ್ಯೆ ಜಗಳ ಹಚ್ಚಬೇಡ." ಸರ್ವಜ್ಞನನ್ನು ಯಾರಾದರೂ ತಿದ್ದಿದ್ದು ಆ ವರ್ಷದಲ್ಲಿ ಅದೇ ಮೊದಲು.

ಆಮೇಲೆ ಅವಳು ನನ್ನ ಕೈ ಎಳೆದುಕೊಂಡು ಒಂದು ಗುಟ್ಟು ಹೇಳಿಕೊಟ್ಟಳು. "ಎಫ್‌ಗೆ ನೇರ ನೆಗೆಯೋದನ್ನ ಆಮೇಲೆ ನೋಡ್ಕೊ. ಮೊದಲು ಎ ಮೈನರ್ ಹಿಡಿ. ನಡುಬೆರಳು ಮೇಲಿನ ತಂತಿಯ ಎರಡನೇ ಫ್ರೆಟ್ಟಲ್ಲಿ, ಅಷ್ಟೇ. ಅದನ್ನ ಎತ್ತದೆ ತೋರುಬೆರಳನ್ನ ಇ ತಂತಿಯ ಮೊದಲನೇ ಫ್ರೆಟ್ಟಿಗೆ ಸೇರಿಸು. ಎಫ್ ಬಂತು. ಇದನ್ನೇ ಹತ್ತು ಸಲ ಮಾಡು, ಬೆರಳಿಗೆ ದಾರಿ ಗೊತ್ತಾಗುತ್ತೆ."

ಮನೆಗೆ ಓಡಿದೆ. ಎ ಮೈನರ್, ಎಫ್. ಎ ಮೈನರ್, ಎಫ್. ಬಲಗೈಯ ಸಹಾಯವಿಲ್ಲದೆ! ಮಗಳು ಬಂದು ಪಕ್ಕದಲ್ಲಿ ಕುಳಿತು ನನ್ನ ಬೆರಳನ್ನೇ ನೋಡಿದಳು.

"ಅಪ್ಪಾ, ಮೊದಲನೇದು ಯಾವುದು?"

"ಎ ಮೈನರ್ ಪುಟ್ಟಾ" ಎಂದೆ ಜಂಬದಿಂದ.

"ಅದಕ್ಕೂ ಒಂದೇ ಬೆರಳಾ?"

"ಹೂಂ."

"ಹಾಗಾದ್ರೆ ಅದೂ ನಂದೇ."