ರೋಡ್ ಕುಲುಕಿದರೆ ಸಾಕು, ಕ್ರೂಸ್ ಕಂಟ್ರೋಲ್ ಕೈಬಿಡುತ್ತದೆ

ಡೀಸೆಲ್‌ಪ್ರಿಯ:
ನನ್ನದು ಎಂಟು ವರ್ಷ ಹಳೆಯ ಡೀಸೆಲ್ ಕಾರು, ಮ್ಯಾನುಯಲ್ ಗೇರ್. ತುಮಕೂರಿನಿಂದ ಚಿತ್ರದುರ್ಗದ ಕಡೆ ಹೋಗುವಾಗ ಕ್ರೂಸ್ ಕಂಟ್ರೋಲನ್ನು (ಆಕ್ಸಿಲರೇಟರ್ ಒತ್ತದೆಯೇ ಒಂದೇ ವೇಗ ಹಿಡಿದಿಡುವ ಸೌಲಭ್ಯ) 80ಕ್ಕೆ ಸೆಟ್ ಮಾಡುತ್ತೇನೆ. ಹಸಿರು ದೀಪ ಬರುತ್ತದೆ, ಚೆನ್ನಾಗಿಯೇ ಓಡುತ್ತದೆ. ಫ್ಲೈಓವರ್ ಜಾಯಿಂಟ್ ಮೇಲೆ ದಡಕ್ ಅಂದ ಕೂಡಲೇ ಕ್ರೂಸ್ ಬಿಟ್ಟುಬಿಡುತ್ತದೆ. ರೆಸ್ಯೂಮ್ ಒತ್ತಿದರೆ ಮತ್ತೆ ಹಿಡಿಯುತ್ತದೆ. ಗ್ಯಾರೇಜಿನವರು ಸ್ಟೀರಿಂಗ್ ಬಟನ್ ಸೆಟ್ಟೇ ಬದಲಿಸಬೇಕು ಅಂದರು. ಹೌದಾ?

ಹತ್ತು-ಹನ್ನೆರಡು ಪಾನಾ:
ತಡೆಯಿರಿ, ಸುಮ್ನೆ ದುಡ್ಡು ಹಾಕಬೇಡಿ. ಸೆಟ್, ರೆಸ್ಯೂಮ್ ಎರಡೂ ಕೆಲಸ ಮಾಡುತ್ತಿವೆ ಅಲ್ವಾ? ಹಾಗಾದರೆ ಬಟನ್ ಬಹುತೇಕ ಸರಿಯಿದೆ. ಸ್ಪೀಡ್ ಸೆನ್ಸರ್ ಕೆಟ್ಟಿದ್ದರೆ ಮೀಟರ್ ಮುಳ್ಳು ಕುಣಿಯುತ್ತಿತ್ತು, ಇಲ್ಲವೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುತ್ತಿತ್ತು.

ಕ್ರೂಸ್ ಅಂದರೆ ನಿಮ್ಮ ಬಲಗಾಲಿನ ಕೆಲಸವನ್ನು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮಾಡುವುದು, ಅಷ್ಟೇ. ಸೆಟ್ ಮಾಡಿದ್ದು 80, ಸೆನ್ಸರ್ 77 ಅಂದರೆ ಡೀಸೆಲ್ ಜಾಸ್ತಿ ಬಿಡುತ್ತದೆ. 82 ಆದರೆ ಡೀಸೆಲ್ ಕಡಿಮೆ ಮಾಡುತ್ತದೆ. ಆದರೆ ಬ್ರೇಕ್ ಅಥವಾ ಕ್ಲಚ್ ಮುಟ್ಟಿದ ಸುಳಿವು ಸಿಕ್ಕರೆ ಮರುಮಾತಿಲ್ಲದೆ ಕೈಬಿಡುತ್ತದೆ. ಕ್ಲಚ್ ಒತ್ತಿದಾಗಲೂ ಡೀಸೆಲ್ ಬಿಡುತ್ತಿದ್ದರೆ ಎಂಜಿನ್ ಕಿರುಚಿಕೊಳ್ಳುತ್ತದಲ್ಲ! ಆ ಸುಳಿವು ಕೊಡುವುದು ಪೆಡಲ್ ಮೇಲ್ಗಡೆ ಇರುವ ಪುಟ್ಟ ಸ್ವಿಚ್‌ಗಳು. ನನ್ನ ಅನುಮಾನ ಅವುಗಳ ಮೇಲೆ.

ರಾತ್ರಿ ಕಾರಿನ ಹಿಂಬದಿ ಗೋಡೆಗೆ ಬರುವಂತೆ ನಿಲ್ಲಿಸಿ, ಬ್ರೇಕ್ ಪೆಡಲನ್ನು ಕೈಯಲ್ಲಿ ಮೆಲ್ಲಗೆ ಅಲುಗಾಡಿಸಿ. ಗೋಡೆ ಮೇಲೆ ಕೆಂಪು ಬೆಳಕು ಮಿಣುಕಿದರೆ ಬ್ರೇಕ್ ಸ್ವಿಚ್ಚು. ಇಲ್ಲದಿದ್ದರೆ ಕ್ಲಚ್ ಕಡೆ ನೋಡಿ. ಅಂದ ಹಾಗೆ, ಎಡಗಾಲನ್ನು ಕ್ಲಚ್ ಮೇಲೇ ಇಟ್ಟುಕೊಂಡು ಓಡಿಸುವ ಅಭ್ಯಾಸ ಇದೆಯಾ? ಬೇಜಾರು ಮಾಡಿಕೊಳ್ಳಬೇಡಿ, ನನಗೂ ಇತ್ತು.

ಡೀಸೆಲ್‌ಪ್ರಿಯ:
ಇಲ್ಲ ಸರ್, ಕಾಲು ಇಡುವುದಿಲ್ಲ. ಗೋಡೆ ಮೇಲೆ ಬೆಳಕೂ ಬರಲಿಲ್ಲ. ಆದರೆ ಮ್ಯಾಟ್ ಮೇಲೆ, ಕ್ಲಚ್ ಕೆಳಗೆ, ಕಂದು ಪ್ಲಾಸ್ಟಿಕ್ ಚೂರು ಸಿಕ್ಕಿತು. ಹಿಸುಕಿದರೆ ಬೆಲ್ಲದ ಪುಡಿ ಹಾಗೆ ಉದುರುತ್ತದೆ.

ಹತ್ತು-ಹನ್ನೆರಡು ಪಾನಾ:
ಸಿಕ್ಕಿದನಲ್ಲ ಕಳ್ಳ! ಅದು ಪೆಡಲಿನ ತೂತಿಗೆ ಕೂರಿಸುವ ಸ್ಟಾಪರ್. ಸ್ವಿಚ್ಚಿನ ಕಡ್ಡಿ ಅದಕ್ಕೇ ಒತ್ತಿಕೊಂಡಿರುತ್ತದೆ. ಅರ್ಧ ಒಡೆದಿದ್ದರೆ ಗಾಡಿ ಕುಲುಕಿದಾಗ ಕಡ್ಡಿ ತೂತಿನೊಳಗೆ ಜಾರುತ್ತದೆ. ಇಸಿಯು ಪಾಪ, ನೀವು ಕ್ಲಚ್ ಒತ್ತಿದಿರಿ ಅಂದುಕೊಳ್ಳುತ್ತದೆ. ಬ್ರೇಕ್ ಪೆಡಲಿನಲ್ಲೂ ಅಂಥದ್ದೇ ಇದ್ದರೆ ಒಟ್ಟಿಗೆ ಬದಲಿಸಿ. ಅದು ಉದುರಿದರೆ ಬ್ರೇಕ್ ಲೈಟ್ ಆರುವುದೇ ಇಲ್ಲ, ಬ್ಯಾಟರಿ ಬೆಳಗಾಗುವುದರೊಳಗೆ ಮಲಗಿರುತ್ತದೆ.

ಡೀಸೆಲ್‌ಪ್ರಿಯ:
ಎರಡೂ ಬದಲಿಸಿದೆ. ನಿನ್ನೆ ಶಿರಾ ದಾಟಿ ಹಿರಿಯೂರಿನವರೆಗೆ ಒಮ್ಮೆಯೂ ಬಿಡಲಿಲ್ಲ. ಟೋಲ್ ಹತ್ತಿರ ನಾನೇ ಬ್ರೇಕ್ ಒತ್ತಬೇಕಾಯಿತು.